ಉತ್ತರ ಕನ್ನಡದ ಕ್ರೈಸ್ತ ಮನೆಯಲ್ಲಿ ಮಕ್ಕಳಿಗೆ ಮನೆಯಲ್ಲೇ ಕಲಿಸುವುದು: ಕಾಗದಪತ್ರದಿಂದ ಪರೀಕ್ಷೆಯವರೆಗೆ

ಮಗುವನ್ನು ಮನೆಯಲ್ಲೇ ಓದಿಸಬೇಕೆಂದು ಹೊರಟ ಕ್ರೈಸ್ತ ಕುಟುಂಬ ಸಾಮಾನ್ಯವಾಗಿ ಮೊದಲು ಪುಸ್ತಕ ಹುಡುಕುತ್ತದೆ. ಅಮೆರಿಕದಲ್ಲಿ ಅಚ್ಚಾದ ಕ್ರೈಸ್ತ ಪಠ್ಯಕ್ರಮ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಬಣ್ಣದ ಹಾಳೆಗಳು, ಪ್ರತಿ ಪಾಠಕ್ಕೂ ಒಂದು ಬೈಬಲ್ ವಾಕ್ಯ, ವರ್ಷದ ವೇಳಾಪಟ್ಟಿಯೂ ಸಿದ್ಧ. ಕುಮಟಾದಲ್ಲೋ ಹೊನ್ನಾವರದಲ್ಲೋ ಬೆಳೆಯುವ ಮಗುವಿಗೆ ಇದರಿಂದ ಆಗುವ ತೊಂದರೆ ಮೂರು ವರ್ಷ ಕಳೆದ ಮೇಲೆ ಕಾಣುತ್ತದೆ. ಮಗುವಿಗೆ ಇಂಚು, ಪೌಂಡು ಗೊತ್ತು, ಮೀಟರಿನಲ್ಲಿ ತಡವರಿಸುತ್ತದೆ. ಅಮೆರಿಕದ ರಾಜ್ಯಗಳ ಹೆಸರು ಬಾಯಿಪಾಠ, ಶರಾವತಿ ಎಲ್ಲಿ ಸಮುದ್ರ ಸೇರುತ್ತದೆಂದು ಗೊತ್ತಿಲ್ಲ. ಬಸ್ಸಿನ ಬೋರ್ಡಿನ ಕನ್ನಡ ಓದಲಾಗುವುದಿಲ್ಲ. ಕೊನೆಗೆ ಬರೆಯಬೇಕಾದ ಪರೀಕ್ಷೆಗೂ ಓದಿದ್ದಕ್ಕೂ ಸಂಬಂಧವೇ ಇರುವುದಿಲ್ಲ.

ಹಾಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ಪುಸ್ತಕ ಕೊನೆಗೆ ಬರುತ್ತದೆ. ಮೊದಲು ಕಾಗದಪತ್ರ, ಆಮೇಲೆ ಭಾಷೆ, ದಿನಚರಿ, ಊರು. ಪ್ರಾರ್ಥನೆ ಇವೆಲ್ಲದರ ಒಳಗೆ ಇರುತ್ತದೆ.

ಯಾರು ಈ ದಾರಿ ಹಿಡಿಯಬಾರದು

ತಂದೆ ತಾಯಿ ಇಬ್ಬರೂ ಬೆಳಿಗ್ಗೆಯಿಂದ ಸಂಜೆವರೆಗೆ ಹೊರಗೆ ದುಡಿಯುವ ಮನೆಯಲ್ಲಿ ಇದು ಸಾಗದು. ಅಜ್ಜಿಯ ಮೇಲೆ ಹೊರಿಸಿ ಹೋಗುವ ಕೆಲಸವೂ ಇದಲ್ಲ. ಶಾಲೆಯ ಮೇಲಿನ ಸಿಟ್ಟಿನಿಂದ ನಡುವರ್ಷದಲ್ಲಿ ಮಗುವನ್ನು ಬಿಡಿಸಿಕೊಂಡು ಬಂದವರು ಎರಡು ತಿಂಗಳಲ್ಲಿ ಸೋಲುತ್ತಾರೆ, ಏಕೆಂದರೆ ಸಿಟ್ಟು ಆರಿದ ಮೇಲೆ ಮುಂದಿನ ಯೋಜನೆ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಪ್ಪಿ, ಜೂನ್‌ನಿಂದ ಮಾರ್ಚ್‌ವರೆಗೆ ಒಂದೇ ಒಂದು ವರ್ಷಕ್ಕೆಂದು ಶುರುಮಾಡಿ. ಏಪ್ರಿಲ್‌ನಲ್ಲಿ ಕೂತು ಮುಂದಿನದನ್ನು ನಿರ್ಧರಿಸಿ.

ಬಿಟ್ಟುಕೊಡುವುದೇನೆಂದು ಮೊದಲೇ ತಿಳಿದಿರಲಿ. ಬಿಸಿಯೂಟ, ಉಚಿತ ಪಠ್ಯಪುಸ್ತಕ, ಸಮವಸ್ತ್ರ, ಶಾಲೆಯ ಮೂಲಕ ಬರುವ ವಿದ್ಯಾರ್ಥಿವೇತನ ಇವೆಲ್ಲ ಹೋಗುತ್ತವೆ. ಅದಕ್ಕಿಂತ ದೊಡ್ಡದು ಮುಂದಿನ ಮೀಸಲಾತಿಯ ಪ್ರಶ್ನೆ. ಇಂಜಿನಿಯರಿಂಗ್ ಮುಂತಾದ ಕೋರ್ಸುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚುವಾಗ ಸಾಮಾನ್ಯ ಅರ್ಹತೆಯಾಗಿ ಕೇಳುವುದು, 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲೆ-ಕಾಲೇಜುಗಳಲ್ಲಿ ಓದಿರಬೇಕು ಎಂಬುದನ್ನು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ 1ರಿಂದ 10ರವರೆಗಿನ ಶಾಲಾ ದಾಖಲೆ ಬೇಕು. ಮನೆಯಲ್ಲಿ ಕಲಿತ ವರ್ಷ ಈ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ಕೂಡಿ ಕಳೆದು ನೋಡಿದರೆ ಒಂದು ದಾರಿ ಕಾಣುತ್ತದೆ. 6ರಿಂದ 12ನೇ ತರಗತಿಯವರೆಗೆ ಎಣಿಸಿದರೆ ಸರಿಯಾಗಿ 7 ವರ್ಷ. 5ನೇ ತರಗತಿ ಮುಗಿಯುವವರೆಗೆ ಮನೆಯಲ್ಲಿ ಕಲಿಸಿ, 6ಕ್ಕೆ ಶಾಲೆಗೆ ಸೇರಿಸಿದ ಮಗುವಿಗೆ 7 ವರ್ಷದ ನಿಯಮ ಅಡ್ಡ ಬರುವುದಿಲ್ಲ. ಗ್ರಾಮೀಣ, ಕನ್ನಡ ಮಾಧ್ಯಮದ ಅನುಕೂಲ ಮಾತ್ರ ಕೈಬಿಟ್ಟಂತೆಯೇ. ನಮ್ಮ ಜಿಲ್ಲೆಯ ಬಹುಪಾಲು ಕುಟುಂಬಗಳಿಗೆ ಈ ದಾರಿಯೇ ಸೂಕ್ತ. ಭಾಷೆ, ಓದು, ನಂಬಿಕೆ ಇವುಗಳ ಬುನಾದಿ ಬೀಳುವುದು ಆ ವಯಸ್ಸಿನಲ್ಲೇ.

ಕಾಗದಪತ್ರ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 6ರಿಂದ 14 ವರ್ಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಸೇರಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ದಂಡ ಹೇಳಿಲ್ಲ. ಮನೆಯಲ್ಲಿ ಕಲಿಸುವುದನ್ನು ಹೆಸರಿಟ್ಟು ಅನುಮತಿಸಿಯೂ ಇಲ್ಲ. ಇಂಥ ಜಾಗದಲ್ಲಿ ನಡೆಯುವವರ ಕೈಯಲ್ಲಿ ದಾಖಲೆ ಗಟ್ಟಿಯಾಗಿರಬೇಕು.

ಶಾಲೆಗೆ ಹೋಗುತ್ತಿದ್ದ ಮಗು ಸುಮ್ಮನೆ ಹೋಗುವುದನ್ನು ನಿಲ್ಲಿಸಿದರೆ ಅದು ಶಾಲೆ ಬಿಟ್ಟ ಮಗು ಎಂದು ಪಟ್ಟಿಗೆ ಸೇರುತ್ತದೆ. ಆಮೇಲೆ ವಿಚಾರಿಸಲು ಮನೆಗೆ ಬರುವ ಅಧಿಕಾರಿಗಳಿಗೆ ನಿಮ್ಮ ಉದ್ದೇಶ ಗೊತ್ತಿರುವುದಿಲ್ಲ, ಗೊತ್ತಿರಬೇಕೆಂದು ಬಯಸುವುದೂ ತಪ್ಪು. ಅವರು ಹುಡುಕುತ್ತಿರುವುದು ದುಡಿಮೆಗೆ ಹೋದ ಮಕ್ಕಳನ್ನು, ಬಾಲ್ಯವಿವಾಹಕ್ಕೆ ಸಿಕ್ಕ ಹುಡುಗಿಯರನ್ನು. ಅವರೊಂದಿಗೆ ಗೌರವದಿಂದ ಮಾತಾಡಿ. ಮಾಡಬೇಕಾದ್ದು ಇಷ್ಟು:

1. ವರ್ಷದ ಪರೀಕ್ಷೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಟ್ಟು ಟಿ.ಸಿ. ಪಡೆಯಿರಿ. ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಎಸ್‌ಎಟಿಎಸ್ ಸಂಖ್ಯೆಯನ್ನು ಬರೆದುಕೊಳ್ಳಿ. ಮತ್ತೆ ಶಾಲೆಗೆ ಸೇರುವಾಗ ಮೊದಲು ಕೇಳುವುದೇ ಅದನ್ನು.

2. ಕ್ಷೇತ್ರ ಶಿಕ್ಷಣಾಧಿಕಾರಿಗೆ ಒಂದು ಪುಟದ ಪತ್ರ ಕೊಡಿ: ಮಗುವಿನ ಹೆಸರು, ಹುಟ್ಟಿದ ದಿನ, ಯಾರು ಕಲಿಸುತ್ತಾರೆ, ಯಾವ ಪಠ್ಯ ಹಿಡಿಯುತ್ತೀರಿ, ಮುಂದೆ ಯಾವ ಪರೀಕ್ಷೆ ಬರೆಸುತ್ತೀರಿ. ನಮ್ಮ ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆ ಎರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳು ಕಾರವಾರಕ್ಕೆ, ಘಟ್ಟದ ಮೇಲಿನ ತಾಲ್ಲೂಕುಗಳು ಶಿರಸಿಗೆ ಸೇರುತ್ತವೆ. ಪತ್ರವನ್ನು ನಿಮ್ಮ ತಾಲ್ಲೂಕಿನ ಕಚೇರಿಗೇ ಕೊಡಿ.

3. ಒಂದು ಗಟ್ಟಿ ಫೈಲು ಇಡಿ. ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡು, ಟಿ.ಸಿ. ಒಂದು ಭಾಗದಲ್ಲಿ. ದಿನದ ದಾಖಲೆ ಪುಸ್ತಕ ಇನ್ನೊಂದರಲ್ಲಿ. ಪ್ರತಿ ತಿಂಗಳ ಕೊನೆಗೆ ಪ್ರತಿ ವಿಷಯದಿಂದ ಮಗು ಬರೆದ ಎರಡು ಹಾಳೆ, ದಿನಾಂಕ ಹಾಕಿ ಮೂರನೆಯದರಲ್ಲಿ. ಚೆನ್ನಾಗಿ ಬರೆದ ಹಾಳೆಯನ್ನೇ ಆರಿಸಬೇಡಿ. ಜೂನ್‌ನ ಕೆಟ್ಟ ಅಕ್ಷರದ ಪಕ್ಕ ಫೆಬ್ರವರಿಯ ಹಾಳೆ ಇದ್ದರೆ ನೋಡುವವರಿಗೆ ಬೇರೆ ವಿವರಣೆ ಬೇಡ.

ದಿನದ ದಾಖಲೆಗೆ ಅಳತೆಗೋಲು ಕಾಯ್ದೆಯಲ್ಲೇ ಇದೆ: 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ; 6ರಿಂದ 8ಕ್ಕೆ 220 ದಿನ, 1000 ಗಂಟೆ. ಅದು ಶಾಲೆಗೆ ಹೇಳಿದ್ದು. ಆದರೂ ನಿಮ್ಮ ಪುಸ್ತಕದಲ್ಲಿ 200 ದಿನ ತುಂಬಿದ್ದರೆ ಮಾತಿಗೆ ತೂಕ ಬರುತ್ತದೆ. ಗಂಟೆಗಳಲ್ಲಿ ಕುಳಿತು ಓದಿದ್ದಷ್ಟೇ ಅಲ್ಲ, ಅಳಿವೆಯ ಬದಿಯ ಉಪ್ಪುನೀರಿನ ಗಜನಿ ಗದ್ದೆಗೆ ಹೋಗಿ ನೋಡಿದ್ದೂ ಸೇರುತ್ತದೆ. ಏನು ನೋಡಿದರೆಂದು ಒಂದು ಸಾಲು ಬರೆಯಿರಿ.

ಶಾಲೆಯೊಂದರಲ್ಲಿ ಹೆಸರು ಹಚ್ಚಿ, ಹಾಜರಿ ಹಾಕಿಸಿ, ಮನೆಯಲ್ಲಿ ಕಲಿಸುವ ಉಪಾಯ ಹೇಳುವವರು ಸಿಗುತ್ತಾರೆ. ಅದು ಸುಳ್ಳು ಹಾಜರಿ. ಬೆಳಿಗ್ಗೆ ಮಗುವಿಗೆ ಹತ್ತು ಆಜ್ಞೆ ಕಲಿಸಿ ಆ ಮಗುವಿನ ಹೆಸರಲ್ಲೇ ಸುಳ್ಳು ದಾಖಲೆ ಇಡುವುದು ಸಾಧ್ಯವಿಲ್ಲ. ಮಗುವಿಗೆ ಗೊತ್ತಾಗದೆ ಇರುವುದೂ ಇಲ್ಲ.

ಜಾತಿ-ಆದಾಯ ಪ್ರಮಾಣಪತ್ರವನ್ನು ಮಗು ಚಿಕ್ಕದಿರುವಾಗಲೇ ತಂದೆಯ ಶಾಲಾ ದಾಖಲೆ ಕೊಟ್ಟು ನಾಡಕಚೇರಿಯಲ್ಲಿ ಮಾಡಿಸಿಡಿ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಸಾಮಾನ್ಯವಾಗಿ 3ಬಿ ಪ್ರವರ್ಗದಲ್ಲಿದ್ದಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಕ್ರೈಸ್ತರಿಗೆ ಪರಿಶಿಷ್ಟ ಪಂಗಡದ ಸ್ಥಾನ ಇದೆ. ಅದು ಧರ್ಮದಿಂದ ಹೋಗುವುದಿಲ್ಲ.

ಭಾಷೆ: ಎಲ್ಲರೂ ಎಡವುವ ಜಾಗ

ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಒಳಗೆ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷ್. ಶಾಲೆಗೆ ಹೋಗುವ ಮಗು ಕನ್ನಡವನ್ನು ಗೆಳೆಯರಿಂದ ತಾನಾಗಿ ಹೀರಿಕೊಳ್ಳುತ್ತದೆ. ಮನೆಯಲ್ಲೇ ಇರುವ ಮಗುವಿಗೆ ಆ ಅವಕಾಶ ಇಲ್ಲ. ಅದಕ್ಕೇ ಮನೆಪಾಠದಲ್ಲಿ ಕನ್ನಡಕ್ಕೆ ಇಂಗ್ಲಿಷ್‌ಗಿಂತ ಹೆಚ್ಚು ಹೊತ್ತು ಕೊಡಬೇಕು. ಮೊದಲ ಎರಡು ವರ್ಷ ದಿನಕ್ಕೆ ಕನ್ನಡ 45 ನಿಮಿಷ, ಇಂಗ್ಲಿಷ್ 25 ನಿಮಿಷ ಸಾಕು. ಓದುವುದನ್ನು ಒಂದು ಲಿಪಿಯಲ್ಲಿ ಸರಾಗ ಕಲಿತ ಮಗುವಿಗೆ ಎರಡನೆಯ ಲಿಪಿ ಬೇಗ ಬರುತ್ತದೆ. ಎರಡು ಲಿಪಿಯನ್ನೂ ಒಂದೇ ತೂಕದಲ್ಲಿ ಒಟ್ಟಿಗೆ ತುರುಕಿದರೆ ಎರಡೂ ತಡವಾಗಬಹುದು.

ಅಕ್ಷರವನ್ನು ಅ, ಆ, ಇ, ಈ ಕ್ರಮದಲ್ಲೇ ಶುರುಮಾಡಬೇಕೆಂದಿಲ್ಲ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ 'ರ ಗ ಸ ದ ಅ' ಎಂಬ ಗುಂಪಿನಿಂದ ಆರಂಭಿಸುತ್ತದೆ. ಐದು ಅಕ್ಷರ ಬಂದ ಕೂಡಲೇ ಸರ, ದರ, ಅರಸ, ಗರಗಸ ಎಂದು ಪದ ಓದಬಹುದು. ಎರಡನೇ ವಾರಕ್ಕೇ ಪದ ಓದಿದ ಮಗು ಮೂರನೇ ವಾರ ತಾನೇ ಪುಸ್ತಕ ಹಿಡಿದು ಬರುತ್ತದೆ. ಐವತ್ತು ಅಕ್ಷರ ತಿದ್ದುವವರೆಗೆ ಒಂದು ಪದವೂ ಓದಿಸದಿದ್ದರೆ ಬೇಸರ ಹಿಡಿಯುತ್ತದೆ. ವಾರಕ್ಕೆ ಐದು ಅಕ್ಷರ, ಶುಕ್ರವಾರ ಹಳೆಯದರ ಪರೀಕ್ಷೆ. ಮೂಲಾಕ್ಷರ ಮುಗಿಯಲು ಸುಮಾರು ಮೂರು ತಿಂಗಳು, ಕಾಗುಣಿತಕ್ಕೆ ಮೂರು, ಒತ್ತಕ್ಷರಕ್ಕೆ ಮತ್ತೆ ಮೂರು ಇಟ್ಟುಕೊಳ್ಳಿ. ಒತ್ತಕ್ಷರದಲ್ಲಿ ತಡೆದರೆ ಗಾಬರಿ ಬೇಡ. ಅಕ್ಕ, ಅಪ್ಪ, ಹಬ್ಬ ಎಂಬ ಸಜಾತೀಯ ಒತ್ತು ಮೊದಲು, ಕ್ರಿಸ್ತ, ಪ್ರಾರ್ಥನೆ, ಸ್ತೋತ್ರ ಆಮೇಲೆ.

ಕೊಂಕಣಿ ಮನೆಮಾತಿನ ಮಕ್ಕಳು ಕನ್ನಡ ಬರೆಯುವಾಗ ಒಂದು ತಪ್ಪು ಮತ್ತೆ ಮತ್ತೆ ಬರಬಹುದು. ಕೊಂಕಣಿಯಲ್ಲಿ ವಸ್ತುಗಳಿಗೂ ಗಂಡು, ಹೆಣ್ಣು, ನಪುಂಸಕ ಲಿಂಗ ಇದೆ, ಕನ್ನಡದಲ್ಲಿ ವಸ್ತುಗಳೆಲ್ಲ ನಪುಂಸಕ. ಹಾಗಾಗಿ ಮಗು 'ಮಾವಿನಹಣ್ಣು ಬಿದ್ದ' ಎನ್ನುವುದುಂಟು. ಬೈಯುವ ತಪ್ಪಲ್ಲ ಇದು. 'ಬಿದ್ದನು, ಬಿದ್ದಳು, ಬಿತ್ತು' ಎಂದು ಮೂರು ಡಬ್ಬ ಮಾಡಿ, ಪದಗಳ ಚೀಟಿ ಹಾಕಿಸಿ. ವಾರ ಎರಡರಲ್ಲಿ ಸರಿಹೋಗುತ್ತದೆ.

ಇನ್ನೊಂದು ವಿಷಯ ಕ್ರೈಸ್ತ ಮನೆಗೇ ಸೇರಿದ್ದು. ಕನ್ನಡ ಬೈಬಲ್ಲಿನ ಭಾಷೆ ಗಂಭೀರ, ಗಟ್ಟಿಯಾಗಿ ಓದಿಸಲು ಅದಕ್ಕಿಂತ ಒಳ್ಳೆಯದು ಬೇಡ. ಕೀರ್ತನೆಗಳನ್ನು ದಿನವೂ ಓದುವ ಮಗುವಿನ ಉಚ್ಚಾರ ತಿದ್ದುತ್ತದೆ, ಉಸಿರು ನಿಲ್ಲಿಸುವ ಜಾಗ ತಿಳಿಯುತ್ತದೆ. ಆದರೆ ಬರವಣಿಗೆಗೆ ಅದನ್ನೇ ಮಾದರಿ ಮಾಡಬೇಡಿ. ಅದನ್ನಷ್ಟೇ ಓದಿದ ಮಗು ರಜೆಯ ಅರ್ಜಿಯಲ್ಲೂ 'ದಯಪಾಲಿಸಬೇಕಾಗಿ' ಎಂದು ಬರೆಯುತ್ತದೆ. ಬರವಣಿಗೆಗೆ ದಿನಪತ್ರಿಕೆಯ ಸ್ಥಳೀಯ ಪುಟ, ಮಕ್ಕಳ ಕಥೆ, ಶಾಲೆಯ ಪಠ್ಯ ಇರಲಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಎನ್‌ಸಿಇಆರ್‌ಟಿ ಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲ ವರ್ಷಕ್ಕೆ ಬೇರೆ ಯಾವುದನ್ನೂ ಕೊಳ್ಳಬೇಕಿಲ್ಲ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಊರು ನಮ್ಮದು, ಮೇ ತಿಂಗಳಲ್ಲೇ ಡೌನ್‌ಲೋಡ್ ಮಾಡಿ ಬೇಕಾದ ಪಾಠಗಳನ್ನು ಮುದ್ರಿಸಿಡಿ.

ದಿನ ಹೇಗಿರಬೇಕು

ಒಬ್ಬರೇ ಒಬ್ಬರಿಗೆ ಕಲಿಸುವಾಗ ಶಾಲೆಯ ಆರು ಗಂಟೆ ಬೇಕಾಗುವುದಿಲ್ಲ. ಪುಸ್ತಕ ಹಿಡಿದು ಕೂರುವ ಹೊತ್ತು 1-2ನೇ ತರಗತಿಗೆ ಎರಡು ಗಂಟೆ, 3ರಿಂದ 5ಕ್ಕೆ ಮೂರು, 6ರಿಂದ 8ಕ್ಕೆ ನಾಲ್ಕು. ಉಳಿದದ್ದು ಕೈಕೆಲಸ, ಹೊರಗಿನ ನೋಟ, ಆಟ. 45 ನಿಮಿಷಕ್ಕಿಂತ ಹೆಚ್ಚು ಒಂದೇ ವಿಷಯ ಹಿಡಿಯಬೇಡಿ, ಚಿಕ್ಕವರಿಗೆ ಒಂದು ಸಲಕ್ಕೆ 20 ನಿಮಿಷ ಸಾಕು, ಕನ್ನಡದ 45 ನಿಮಿಷವನ್ನು ಎರಡಾಗಿ ಒಡೆಯಿರಿ. ಗಣಿತ ಬೆಳಿಗ್ಗೆಯೇ ಮುಗಿಯಲಿ. ಊಟವಾದ ಮೇಲಿನ ಸೆಕೆಯಲ್ಲಿ ಭಾಗಾಕಾರ ಹೇಳಿಕೊಡಲು ಹೋಗಿ ಅಳುವಿನಲ್ಲಿ ಮುಗಿಯುವುದು ಎಲ್ಲ ಮನೆಯ ಪಾಡು.

ಬೆಳಗಿನ ಪ್ರಾರ್ಥನೆ 20 ನಿಮಿಷ: ಒಂದು ಹಾಡು, ಒಂದು ಓದು, ಮಗು ತನ್ನ ಮಾತಿನಲ್ಲೇ ಹೇಳುವ ಒಂದು ಪ್ರಾರ್ಥನೆ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ, ತಿಂಗಳ ದಿನಕ್ಕೊಂದರಂತೆ ಸರಿಹೋಗುತ್ತದೆ. ಅಧ್ಯಾಯ ಪೂರ್ತಿ ಓದಿಸದೆ ನಾಲ್ಕು ವಾಕ್ಯ ಆರಿಸಿ. ಮಾರ್ಕನ ಸುವಾರ್ತೆಯ 16 ಅಧ್ಯಾಯಗಳನ್ನು ವಾರಕ್ಕೊಂದರಂತೆ ಮಾಡಿದರೆ ಜೂನ್‌ನಿಂದ ದಸರೆಯ ಹೊತ್ತಿಗೆ ಮುಗಿಯುತ್ತದೆ. ಬಾಯಿಪಾಠಕ್ಕೆ ವಾರಕ್ಕೆ ಒಂದೇ ವಾಕ್ಯ, ಸೋಮವಾರ ಅರ್ಥ, ಶನಿವಾರ ಒಪ್ಪಿಸುವುದು. ತೇರ್ಸ್ (ಜಪಮಾಲೆ) ಹೇಳುವ ಮನೆಗಳಲ್ಲಿ ಸಂಜೆಯ ಹೊತ್ತು ಹೇಗೂ ಇದೆ, ಅದನ್ನು ಪಾಠದ ಲೆಕ್ಕಕ್ಕೆ ಹಿಡಿಯಬೇಡಿ. ಅದು ಮನೆಯದು.

ತಪ್ಪು ಮಾಡಿದ ಮಗುವಿಗೆ ಬೈಬಲ್ ವಾಕ್ಯವನ್ನು ಐವತ್ತು ಸಲ ಬರೆಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ದಯವಿಟ್ಟು ಬೇಡ. ಯಾವ ವಾಕ್ಯ ದಂಡನೆಯಾಗಿ ಬಂತೋ ಅದು ಆ ಮಗುವಿಗೆ ಮುಂದೆ ಎಂದೂ ಸಾಂತ್ವನವಾಗಿ ಬರುವುದಿಲ್ಲ.

ಮನೆಯಲ್ಲಿ ಕಲಿಸುತ್ತೇವೆಂದು ಇಗರ್ಜಿಯ (ಚರ್ಚಿನ) ದೊತೊರ್ನ್ ಎಂಬ ಧರ್ಮಪಾಠ ಅಥವಾ ಸಂಡೇ ಸ್ಕೂಲ್ ತಪ್ಪಿಸಬಾರದು. ಪ್ರಥಮ ಪರಮಪ್ರಸಾದಕ್ಕೂ ದೃಢೀಕರಣಕ್ಕೂ ಧರ್ಮಕೇಂದ್ರದ ತರಗತಿಯ ಹಾಜರಿ ನೋಡುತ್ತಾರೆ. ಅದಲ್ಲದೆ, ತನ್ನ ಅಪ್ಪ ಅಮ್ಮನಲ್ಲದ ಇನ್ನೊಬ್ಬರ ಬಾಯಲ್ಲಿ ಅದೇ ನಂಬಿಕೆಯನ್ನು ಕೇಳುವುದು ಮಗುವಿಗೆ ಬೇಕು. ಪಾದ್ರಿಯವರಿಗೋ ಪಾಸ್ಟರಿಗೋ ಮೊದಲೇ ವಿಷಯ ತಿಳಿಸಿ. ಮಗು ಚರ್ಚಿನ ಕೆಲಸಕ್ಕೆ ಸದಾ ಬಿಡುವಾಗಿದೆ ಎಂಬ ಎಣಿಕೆ ಬಾರದಂತೆಯೂ ನೋಡಿಕೊಳ್ಳಿ.

ತಂದೆಯ ಪಾಲು ಬರೆದಿಟ್ಟಿರಬೇಕು. ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ತಾಯಿ ಸೋತಿರುತ್ತಾರೆ. ಮೀನುಗಾರಿಕೆಯ ಮನೆಗಳಿಗೆ ಇಲ್ಲೊಂದು ಅನುಕೂಲ ಇದೆ: ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಹೊಸ ವರ್ಷದ ಪಾಠ ಶುರುವಾಗುವ ಹೊತ್ತಿಗೇ ಅಪ್ಪ ಮನೆಯಲ್ಲಿ. ಆ ಎರಡು ತಿಂಗಳ ಗಣಿತ ಅವರದಾಗಲಿ. ಬಲೆಯ ಕಣ್ಣಿನ ಅಳತೆ, ಹಗ್ಗದ ಉದ್ದ, ಡೀಸೆಲ್ಲಿನ ಲೆಕ್ಕ ಇವೆಲ್ಲ ಗಣಿತವೇ. ಶಿರಸಿ ಕಡೆಯ ಮನೆಗಳಲ್ಲಿ ಅಡಿಕೆ ಕೊಯ್ಲು ಶುರುವಾದರೆ ಪಾಠ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ ಮಳೆಗಾಲದಲ್ಲಿ ಹೆಚ್ಚು ಮುಗಿಸಿಕೊಳ್ಳಿ. ಪತ್ರಿಕೆಯ ಅಡಿಕೆ ಧಾರಣೆ ಕತ್ತರಿಸಿಟ್ಟರೆ ಶೇಕಡಾ ಲೆಕ್ಕಕ್ಕೆ ಬೇರೆ ಪುಸ್ತಕ ಬೇಡ.

ಊರನ್ನೇ ಪಾಠ ಮಾಡುವುದು

ಮಳೆಮಾಪಕದಿಂದ ಶುರುಮಾಡಿ. ಎರಡು ಲೀಟರಿನ ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯನ್ನು ಅಗಲ ಶುರುವಾಗುವಲ್ಲಿ ಕತ್ತರಿಸಿ, ಆ ತುಂಡನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ, ಹಾಗೇ ಅಳೆದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ತಳಕ್ಕೆ ಸಣ್ಣ ಕಲ್ಲು ಹಾಕಿ, ನೇರ ಬದಿ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿಗೆ ಸೊನ್ನೆ ಗೆರೆ ಎಳೆಯಿರಿ. ಅದರ ಮೇಲೆ ಸ್ಕೇಲ್ ಅಂಟಿಸಿ. ಮರ, ಮಾಡಿನ ಹನಿ ಬೀಳದ ಜಾಗದಲ್ಲಿ ಇಟ್ಟು ದಿನವೂ ಬೆಳಿಗ್ಗೆ 8.30ಕ್ಕೆ ನೋಡಿ. ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕ ಹಾಕುವುದೂ ಆ ಹೊತ್ತಿಗೇ. ಬರೆದ ಮೇಲೆ ನೀರನ್ನು ಮತ್ತೆ ಸೊನ್ನೆ ಗೆರೆಗೆ ತನ್ನಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ನಮ್ಮ ಮಾಡಿನ ಮೇಲೆ ನಿನ್ನೆ ಎಷ್ಟು ಲೀಟರ್ ಬಿತ್ತು ಎಂದು ಕೇಳಿದರೆ ಗುಣಾಕಾರ, ಕ್ಷೇತ್ರಫಲ, ದಶಮಾಂಶ ಮೂರೂ ಬಂದವು. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವುದು ಸಾಮಾನ್ಯ. ನಾಲ್ಕು ತಿಂಗಳ ನಕ್ಷೆ ಗೋಡೆಯ ಮೇಲೆ ಬೆಳೆಯುತ್ತಿದ್ದರೆ ಮಗು ತಾನೇ ಎದ್ದು ನೋಡುತ್ತದೆ.

ಉಬ್ಬರ-ಇಳಿತಕ್ಕೆ ಗೋಡೆಯಲ್ಲೇ ಇನ್ನೊಂದು ಹಾಳೆ. ದಿನಕ್ಕೆ ಎರಡು ಉಬ್ಬರ, ಪ್ರತಿದಿನ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಹತ್ತಿರ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇದನ್ನು ಹದಿನೈದು ದಿನ ಬರೆದ ಮಗುವಿಗೆ ಅಘನಾಶಿನಿಯಲ್ಲಿ ಬಳಚು (ಚಿಪ್ಪುಮೀನು) ತೆಗೆಯುವವರು ಇವತ್ತು ಯಾಕೆ ಬೇಗ ಹೋದರು ಎಂದು ಗೊತ್ತಾಗುತ್ತದೆ. ಆ ಅಳಿವೆ 2024ರಲ್ಲಿ ರಾಮ್‌ಸಾರ್ ಪಟ್ಟಿ, ಅಂದರೆ ಮುಖ್ಯ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿ ಸೇರಿದೆ. ಅಲ್ಲಿನ ಗಜನಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ, ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ, ಅಂಕೋಲಾದಲ್ಲಿ 1930ರ ಉಪ್ಪಿನ ಸತ್ಯಾಗ್ರಹ. ಉಪ್ಪು ಎಂಬ ಒಂದೇ ಪದ ಹಿಡಿದು ವಿಜ್ಞಾನ, ಬೇಸಾಯ, ಇತಿಹಾಸ ಹದಿನೈದು ದಿನ ನಡೆಯುತ್ತದೆ. 'ನೀವು ಭೂಮಿಗೆ ಉಪ್ಪಾಗಿದ್ದೀರಿ' ಎಂಬ ಮಾತನ್ನು ಆ ಆಗರದ ಬದಿಯಲ್ಲೇ ಓದಿ.

ಹಬ್ಬದ ಪಂಚಾಂಗವೂ ಪಾಠವೇ. ವಸಂತದಲ್ಲಿ ಹಗಲು ರಾತ್ರಿ ಸಮವಾಗುವ ದಿನವನ್ನು ಮಾರ್ಚ್ 21 ಎಂದು ಹಿಡಿದು, ಅಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್. 2026ರಲ್ಲಿ ಆ ಹುಣ್ಣಿಮೆ ಏಪ್ರಿಲ್ 2, ಅದೇ ದವನದ ಹುಣ್ಣಿಮೆ. ಈಸ್ಟರ್ ಏಪ್ರಿಲ್ 5. 2027ರಲ್ಲಿ ಹೋಳಿ ಹುಣ್ಣಿಮೆಯೇ ಲೆಕ್ಕಕ್ಕೆ ಬಂದು ಈಸ್ಟರ್ ಮಾರ್ಚ್ 28ಕ್ಕೆ. ಪಕ್ಕದ ಮನೆಯ ಪಂಚಾಂಗವನ್ನೂ ಇಗರ್ಜಿಯ ಕ್ಯಾಲೆಂಡರನ್ನೂ ಮೇಜಿನ ಮೇಲೆ ಒಟ್ಟಿಗಿಟ್ಟು ಮಗುವೇ ಹುಡುಕಲಿ. ಸೆಪ್ಟೆಂಬರ್ 8 ಮರಿಯಮ್ಮನ ಜನನದ ಹಬ್ಬ, ಹೊಸ ತೆನೆಯ ದಿನ. 1983ರಲ್ಲಿ ಅದೇ ದಿನ ಶಿರಸಿಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಅಪ್ಪಿಕೋ ಚಳವಳಿ ಆರಂಭಿಸಿದರು. ಎರಡನ್ನೂ ಅಂದೇ ಹೇಳಿ.

ಇತಿಹಾಸದಲ್ಲಿ ನಮ್ಮ ನೆಲದ ಕ್ರೈಸ್ತರನ್ನು ಬಿಡಬೇಡಿ. 1681ರಿಂದ ಕೆಲವು ವರ್ಷ ಕೆನರಾದಲ್ಲಿ ನಡೆದು ಸೇವೆ ಮಾಡಿದ ಗೋವೆಯ ಜೋಸೆಫ್ ವಾಜ್ 2015ರಲ್ಲಿ ಸಂತ ಪದವಿಗೇರಿದರು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1843ರಲ್ಲಿ ಮೋಗ್ಲಿಂಗ್ ಮೊದಲ ಕನ್ನಡ ಪತ್ರಿಕೆ ಹೊರಡಿಸಿದರು, ಕಿಟೆಲ್‌ರ ನಿಘಂಟು 1894ರದು. ಕಾರವಾರ ಧರ್ಮಪ್ರಾಂತ್ಯ ಆದದ್ದು 1976ರಲ್ಲಿ. ಇದರ ಜೊತೆಗೇ ಗೇರುಸೊಪ್ಪೆಯ ಚೆನ್ನಭೈರಾದೇವಿ, ಮಿರ್ಜಾನ ಕೋಟೆ, ಬನವಾಸಿಯ ಕದಂಬರು. ಕ್ರೈಸ್ತ ಮಗುವಿಗೆ ಇವರೆಲ್ಲ ತನ್ನವರೇ.

ವಿಜ್ಞಾನದಲ್ಲಿ ಜೀವವಿಕಾಸದ ಪಾಠ ಬಂದಾಗ ಪುಟ ಹಾರಿಸುವ ಮನೆಗಳಿವೆ. ಹಾರಿಸಬೇಡಿ. ಪರೀಕ್ಷೆ ಕೇಳುತ್ತದೆ, ಮುಂದೆ ಕಾಲೇಜಿನಲ್ಲಿ ಮೊದಲ ಸಲ ಕೇಳಿದ ಮಗುವಿಗೆ ಮನೆಯವರು ತನ್ನಿಂದ ಮುಚ್ಚಿಟ್ಟರು ಎನಿಸುತ್ತದೆ. ವಿಜ್ಞಾನ ಏನು ಹೇಳುತ್ತದೆಂದು ಪೂರ್ತಿ ಕಲಿಸಿ, ನಿಮ್ಮ ಸಭೆ ಏನು ನಂಬುತ್ತದೆಂದು ಊಟದ ಹೊತ್ತಿನಲ್ಲಿ ಬಿಚ್ಚಿ ಮಾತಾಡಿ. ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿ 1866ರಲ್ಲಿ ಅನುವಂಶೀಯತೆಯ ನಿಯಮ ಪ್ರಕಟಿಸಿದ ಮೆಂಡೆಲ್ ಮಠದ ಸನ್ಯಾಸಿ ಎಂಬುದನ್ನೂ ಹೇಳಿ. ಎರಡು ನಾಣ್ಯಗಳನ್ನು ಒಟ್ಟಿಗೆ 40 ಸಲ ಚಿಮ್ಮಿಸಿ ಬರೆದರೆ ಅವನ 1:2:1 ಹತ್ತಿರ ಹತ್ತಿರ ಬರುತ್ತದೆ.

ಒಂಟಿತನ

ಮನೆಪಾಠದಲ್ಲಿ ಅಂಕಗಳಿಗಿಂತ ಬೇಗ ಕೆಡುವುದು ಇದು. ಚರ್ಚಿನ ಮಕ್ಕಳು ಮಾತ್ರ ಗೆಳೆಯರಾದರೆ ಸಾಲದು. ವಾರಕ್ಕೆ ಐದು ಸಂಜೆಯಾದರೂ ಊರಿನ ಮಕ್ಕಳೊಂದಿಗೆ, ಎಲ್ಲ ಜಾತಿ ಮತದವರೊಂದಿಗೆ, ಮೈದಾನದಲ್ಲೋ ಕಡಲ ತೀರದಲ್ಲೋ ಆಡಲಿ. ಮಾರಿಕಾಂಬಾ ಜಾತ್ರೆಗೆ, ನೆರೆಮನೆಯ ಮದುವೆಗೆ, ಈದ್ ಊಟಕ್ಕೆ ಕರೆದರೆ ಕರೆದುಕೊಂಡು ಹೋಗಿ. ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಮಗುವಿನ ಹೆಸರಲ್ಲೇ ಇರಲಿ, ಪುಸ್ತಕ ತರಲು ಅದೇ ಹೋಗಲಿ. ಹದಿಹರೆಯದ ಮಗು ಕೋಣೆಯಿಂದ ಹೊರಬರುವುದನ್ನು ಕಡಿಮೆ ಮಾಡಿದರೆ, ಬೇರೆ ಮಕ್ಕಳ ಸಮವಸ್ತ್ರ ನೋಡುತ್ತ ನಿಂತರೆ, ಕೇಳಿ. ಶಾಲೆಗೆ ಹೋಗಬೇಕು ಎಂದರೆ ಕಳಿಸಿ.

ಪರೀಕ್ಷೆ

6ಕ್ಕೆ ಶಾಲೆ ಸೇರಿಸುವವರಿಗೆ ಕೆಲಸ ಸುಲಭ. ಕಾಯ್ದೆಯ 4ನೇ ಕಲಂ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ಅರ್ಜಿಯ ಜೊತೆ ನಿಮ್ಮ ಫೈಲು ತೋರಿಸಿ. ಏಪ್ರಿಲ್-ಮೇನಲ್ಲೇ ಹೋಗಿ, ಜೂನ್ ಕೊನೆಗೆ ಓಡಬೇಡಿ.

ಮನೆಯಲ್ಲೇ ಮುಂದುವರಿಸುವವರಿಗೆ ಎರಡು ದಾರಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಚಿಕ್ಕವರಿಗೆ ಎ, ಬಿ, ಸಿ ಎಂಬ ಮೂರು ಹಂತ ಇಟ್ಟಿದೆ. ಅವು ಕ್ರಮವಾಗಿ 3, 5, 8ನೇ ತರಗತಿಗೆ ಸಮ. ಮಾಧ್ಯಮಿಕ ಹಂತಕ್ಕೆ, ಅಂದರೆ 10ನೇ ತರಗತಿಗೆ, 14 ವರ್ಷ ತುಂಬಿರಬೇಕು. 8ನೇ ತರಗತಿಯ ಪ್ರಮಾಣಪತ್ರ ಇಲ್ಲದವರು ಸ್ವಯಂ ಘೋಷಣೆ ಕೊಡಬಹುದು. ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಭಾಷೆಯಾಗಿ ಕನ್ನಡ ಇದೆ, ತೆಗೆದುಕೊಳ್ಳಿ. ಪಾಸಾಗಲು 33 ಶೇಕಡಾ. ನೋಂದಣಿ 5 ವರ್ಷ ನಡೆಯುತ್ತದೆ, 9 ಅವಕಾಶ ಇವೆ, ಪಾಸಾದ ವಿಷಯದ ಅಂಕ ಉಳಿಯುತ್ತದೆ. ಪರೀಕ್ಷೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಮನೆಯಲ್ಲಿ ಬರೆದು ಸಲ್ಲಿಸುವ ಟಿಎಂಎ ಎಂಬ ನಿಯೋಜನೆಗೆ 20 ಶೇಕಡಾ ಅಂಕ ಇದೆ. ಹಲವರು ಕಳೆದುಕೊಳ್ಳುವುದು ಇದನ್ನೇ, ಕೊನೆಯ ದಿನ ಮರೆತು. ಪಿಯುಸಿಯಲ್ಲಿ ವಿಜ್ಞಾನ ಬೇಕೆನ್ನುವ ಮಗು ಗಣಿತ ಮತ್ತು ವಿಜ್ಞಾನ ಎರಡನ್ನೂ ತೆಗೆದುಕೊಂಡಿರಲೇಬೇಕು. ಸುಲಭವೆಂದು ಬೇರೆ ವಿಷಯ ಆರಿಸಿ ಆಮೇಲೆ ಬಾಗಿಲು ಮುಚ್ಚಿಕೊಂಡವರಿದ್ದಾರೆ. ಬೇರೆ ಮಂಡಳಿಯಿಂದ ಪಿಯು ಕಾಲೇಜಿಗೆ ಸೇರುವಾಗ ವಲಸೆ ಪ್ರಮಾಣಪತ್ರ, ಅರ್ಹತಾ ಪತ್ರ ಕೇಳುತ್ತಾರೆ, ಫಲಿತಾಂಶ ಬಂದ ವಾರವೇ ಅರ್ಜಿ ಹಾಕಿ.

ಎರಡನೆಯದು, ಎಸ್‌ಎಸ್‌ಎಲ್‌ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವುದು. ಒಟ್ಟು 625 ಅಂಕ, ಮೂರು ಭಾಷೆ ಸೇರಿ ಆರು ವಿಷಯ. ಮೂರೂ ಭಾಷೆಯನ್ನು ಗಟ್ಟಿಯಾಗಿ ಕಲಿಸಿದ ಮನೆಗೆ ಇದು ಹೆಚ್ಚು ಒಗ್ಗುತ್ತದೆ, ನೆರೆಹೊರೆಯವರಿಗೂ ಅರ್ಥವಾಗುವ ಪ್ರಮಾಣಪತ್ರ. ನೋಂದಣಿಯ ದಿನಾಂಕವನ್ನು ಪರೀಕ್ಷಾ ಮಂಡಳಿ ಪ್ರಕಟಿಸುತ್ತದೆ, ಹತ್ತಿರದ ಪ್ರೌಢಶಾಲೆಯಲ್ಲಿ ಜೂನ್‌ನಿಂದಲೇ ವಿಚಾರಿಸುತ್ತಿರಿ.

ಯಾವ ದಾರಿಯಾದರೂ, ಹಿಂದಿನ ಒಂದು ವರ್ಷ ಮಗು ಹೊರಗಿನವರೆದುರು ಬರೆಯುವುದನ್ನು ಕಲಿಯಬೇಕು. ಮನೆಯಲ್ಲಿ ಬಾಯಲ್ಲಿ ಸರಿಯಾಗಿ ಹೇಳುವ ಮಗು ಮೂರು ಗಂಟೆ ಸತತ ಬರೆಯಲಾರದೆ ಅರ್ಧ ಬಿಟ್ಟು ಬರುತ್ತದೆ. ಹಿಂದಿನ ಜೂನ್‌ನಲ್ಲಿ ಒಂದು ಗಂಟೆಯಿಂದ ಆರಂಭಿಸಿ, ಎರಡು ತಿಂಗಳಿಗೊಮ್ಮೆ ಅರ್ಧ ಗಂಟೆ ಏರಿಸುತ್ತ ಹೋದರೆ ಫೆಬ್ರವರಿಗೆ ಮೂರು ಗಂಟೆಗೆ ಬರುತ್ತದೆ. ಚರ್ಚಿನ ಸಭಾಂಗಣದಲ್ಲೋ ಪರಿಚಿತ ಶಿಕ್ಷಕರ ಮನೆಯಲ್ಲೋ ಕೂರಿಸಿ, ನೀವು ಅಲ್ಲಿರಬೇಡಿ. ಉತ್ತರಪತ್ರಿಕೆಯನ್ನು ಬೇರೆಯವರು ತಿದ್ದಲಿ. ಗಣಿತದಲ್ಲಿ ಹಂತಗಳನ್ನು ಬರೆಯದೆ ಉತ್ತರ ಮಾತ್ರ ಬರೆಯುವ ಅಭ್ಯಾಸ ಮನೆಯಲ್ಲಿ ಕಲಿತ ಮಕ್ಕಳಿಗೆ ಸುಲಭವಾಗಿ ಅಂಟುತ್ತದೆ, ಅದಕ್ಕೆ ಅಂಕ ಹೋಗುತ್ತದೆ. ಮೊದಲ ಮಾದರಿ ಪರೀಕ್ಷೆಯಲ್ಲಿ ನೋಡಬೇಕಾದ್ದು ಅಂಕವನ್ನಲ್ಲ, ಎಷ್ಟು ಪ್ರಶ್ನೆ ಬಿಟ್ಟುಹೋಯಿತು, ಎಷ್ಟನೇ ನಿಮಿಷಕ್ಕೆ ಕೈ ನಿಂತಿತು ಎಂಬುದನ್ನು. ಅದನ್ನೂ ಅದೇ ಫೈಲಿಗೆ ಸೇರಿಸಿ.